ಮರಳಿಗೆ ಹದಿನೈದು ಪೌಂಡ್ ಗಾಳಿ

ವೆಂಕಟ್ರಮಣರು ತಿರುವನಂತಪುರದ ಸೆಕ್ರೆಟರಿಯೇಟಿನಲ್ಲಿ ಮೂವತ್ತೊಂದು ವರ್ಷ ಕನ್ನಡ ಅನುವಾದಕರಾಗಿದ್ದವರು. ಸರಕಾರ ಮಲಯಾಳದಲ್ಲಿ ಹೊರಡಿಸುವ ಆದೇಶಗಳನ್ನು ಕಾಸರಗೋಡಿನ ಕನ್ನಡಿಗರಿಗಾಗಿ ಕನ್ನಡಕ್ಕೆ ತರುವುದು ಅವರ ಕೆಲಸ. ಪಡಿತರ ಚೀಟಿ, ಬಾವಿಗೆ ಸಬ್ಸಿಡಿ, ನಾಯಿಗೆ ಲೈಸೆನ್ಸು, ಕಡಲಬದಿಯ ಕಟ್ಟಡಗಳ ನಿಯಮ, ಎಲ್ಲವನ್ನೂ ಅಚ್ಚುಕಟ್ಟಾದ ಕನ್ನಡದಲ್ಲಿ ಬರೆದರು. ಬರೆದದ್ದು ಕಡತದೊಳಗೆ ಹೋಯಿತು, ಗಜೆಟ್ಟಿನಲ್ಲಿ ಅಚ್ಚಾಯಿತು. ಅದನ್ನು ಓದಿದೆ ಎಂದು ಹೇಳಿದ ಒಬ್ಬ ಮನುಷ್ಯನನ್ನೂ ಅಷ್ಟು ವರ್ಷಗಳಲ್ಲಿ ಅವರು ಕಾಣಲಿಲ್ಲ. ಅದಕ್ಕಾಗಿ ಕೊರಗಿದವರಲ್ಲ. ಆದರೂ ನಿವೃತ್ತಿಯ ದಿನ ಕೊರಳಲ್ಲಿ ಹಾರದೊಂದಿಗೆ ಮನೆಗೆ ಬಂದು, ಹೆಂಡತಿ ಶಂಕರಿಯ ಹತ್ತಿರ, ಇಷ್ಟು ವರ್ಷ ಬಾವಿಯೊಳಗೆ ಮುಖ ಹಾಕಿ ಮಾತಾಡಿದ ಹಾಗಾಯಿತು ಎಂದಿದ್ದರು. ಶಂಕರಿ ಹಾರವನ್ನು ತೆಗೆದು ಬಾಗಿಲಿಗೆ ತೂಗುಹಾಕಿ ಒಳಗೆ ಹೋದರು.

ಇದಾಗಿ ಏಳು ವರ್ಷ ಕಳೆದ ಮೇಲೆ, ಒಂದು ನವೆಂಬರ್ ಬೆಳಿಗ್ಗೆ, ಕರಮನದ ಅವರ ಮನೆಗೆ ದೀಪ್ತಿ ಬಂದಳು. ಎರಡು ಮನೆ ಆಚೆಗಿರುವ ಮಲಯಾಳಿ ಹುಡುಗಿ, ನರ್ಸು. ಹಾಸಿಗೆ ಹಿಡಿದವರನ್ನು ಮನೆಮನೆಗೆ ಹೋಗಿ ನೋಡಿಕೊಳ್ಳುವ ಪಾಲಿಯೇಟಿವ್ ತಂಡದಲ್ಲಿ ಅವಳಿಗೆ ಕೆಲಸ. ಫೋನು ತೆಗೆದು, ಒಂದು ದನಿ ಕೇಳಿಸುತ್ತೇನೆ, ಇದು ಕನ್ನಡವೋ ಅಲ್ಲವೋ ಹೇಳಿ ಸಾರ್ ಎಂದಳು. ಫೋನಿನಲ್ಲಿ ಕಡಲ ಗಾಳಿಯ ಸದ್ದೇ ಹೆಚ್ಚು. ಅದರ ನಡುವೆ ಮುದುಕಿಯೊಬ್ಬಳ ದನಿ. ವೆಂಕಟ್ರಮಣರು ಫೋನನ್ನು ಕಿವಿಗೆ ಒತ್ತಿ ಮೂರು ಸಲ ಕೇಳಿದರು. "ಎಂತಕ್ಕೆ" ಎಂಬುದೊಂದು ಸ್ಪಷ್ಟವಾಗಿ ಸಿಕ್ಕಿತು. ಕನ್ನಡವೇ, ಕುಂದಾಪುರದ ಬದಿಯದ್ದು ಎಂದರು.

ದೀಪ್ತಿ ಹೇಳಿದ ವಿಷಯ ಇಷ್ಟು. ಕಠಿನಂಕುಳಂ ಹಿನ್ನೀರಿಗೂ ಕಡಲಿಗೂ ನಡುವೆ ಇರುವ ಮರಳಿನ ಪಟ್ಟಿಯ ಮೇಲೆ ಚಂದ್ರಮ್ಮ ಎಂಬ ಎಪ್ಪತ್ತೆರಡು ವರ್ಷದ ಹೆಂಗಸು ಇದ್ದಾಳೆ. ಗಂಡ ದೋಣಿ ಎಂಜಿನ್ನಿನ ಮೆಕ್ಯಾನಿಕ್ ಆಗಿದ್ದ. ಪ್ರಾಯದಲ್ಲಿ ಗಂಗೊಳ್ಳಿಯ ಬಂದರಿನಲ್ಲಿ ಕೆಲಸ ಮಾಡುತ್ತಿದ್ದಾಗ ಅವಳನ್ನು ಮದುವೆಯಾಗಿ ಇಲ್ಲಿಗೆ ಕರೆತಂದ. ಅವನು ತೀರಿಹೋಗಿ ಬಹಳ ಕಾಲವಾಯಿತು. ಮಗಳು ವಿಜಯಾ ಜೊತೆಗಿದ್ದಾಳೆ, ಅಳಿಯ ಒಮಾನಿನಲ್ಲಿ. ಚಂದ್ರಮ್ಮ ಐವತ್ತು ವರ್ಷ ಮಲಯಾಳವನ್ನೇ ಆಡಿದವಳು. ಜುಲೈಯಲ್ಲಿ ಪಾರ್ಶ್ವವಾಯು ಬಡಿದು ಒಂದು ಬದಿ ಸೋತಿತು, ಜೊತೆಗೆ ಮಲಯಾಳವೂ ಹೋಯಿತು. ಹೇಳಿದ್ದು ಅವಳಿಗೆ ತಿಳಿಯುವುದಿಲ್ಲ, ಅವಳು ಹೇಳಿದ್ದು ಯಾರಿಗೂ ತಿಳಿಯುವುದಿಲ್ಲ. ಬಾಯಿಗೆ ಬಂದದ್ದನ್ನು ಬಡಬಡಿಸುತ್ತಾಳೆ ಎಂದೇ ಮನೆಯವರು ತಿಳಿದಿದ್ದರು. ಒಂದೊಂದು ಹೊತ್ತಿಗೆ ಅದೇ ಮಾತು ಮತ್ತೆ ಮತ್ತೆ ಬರುವುದನ್ನು ದೀಪ್ತಿ ಗಮನಿಸಿದ್ದಳು. ಅದಕ್ಕೇ ಈ ರೆಕಾರ್ಡು.

ಮರುದಿನವೇ ವೆಂಕಟ್ರಮಣರು ತಂಡದ ವ್ಯಾನಿನಲ್ಲಿ ಹೊರಟರು. ಟಾರು ಮುಗಿದಲ್ಲಿ ವ್ಯಾನು ನಿಂತಿತು. ಮುಂದೆ ತೆಂಗಿನ ಸಾಲುಗಳ ನಡುವೆ ಮುಕ್ಕಾಲು ಕಿಲೋಮೀಟರು ಬರೀ ಮರಳು. ಹಿಟ್ಟಿನಷ್ಟು ನಯವಾದ, ಪಾದ ಇಟ್ಟರೆ ಕಣಕಾಲಿನವರೆಗೆ ನುಂಗುವ ಮರಳು. ವೆಂಕಟ್ರಮಣರ ಬಲ ಮೊಣಕಾಲು ಮೊದಲೇ ಸರಿಯಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ನಾಲ್ಕು ಕಡೆ ನಿಂತು, ಅವರು ಆ ಮನೆಯನ್ನು ಮುಟ್ಟುವಾಗ ಅಂಗಿ ಬೆನ್ನಿಗೆ ಅಂಟಿತ್ತು.

ಚಂದ್ರಮ್ಮ ಕಿಟಕಿಯ ಬದಿಯ ಮಂಚದಲ್ಲಿದ್ದಳು. ವೆಂಕಟ್ರಮಣರು ಸ್ಟೂಲು ಎಳೆದು ಕೂತು, ಹೇಗಿದ್ದೀರಿ ಅಕ್ಕ ಎಂದು ಕೇಳಿದರು. ಅವಳು ಇವರ ಮುಖವನ್ನೇ ನೋಡಿದಳು. ನೋಡುತ್ತ ನೋಡುತ್ತ ಎಡಗೈ ಮೆಲ್ಲಗೆ ಹೊದಿಕೆಯಿಂದ ಹೊರಗೆ ಬಂತು.

"ನೀವ್ ಯಾವ್ ಊರ್ ಮಾರ್ರೆ?"

"ನಾನು ಕಾಸರಗೋಡಿನ ಬದಿಯವ. ಕುಂಬಳೆ."

"ಹಂಗಾರೆ ನಮ್ ಬದಿಯವ್ರೆ," ಎಂದಳು ಚಂದ್ರಮ್ಮ. ಮಾತು ತೊದಲುತ್ತಿತ್ತು, ಆದರೆ ಪ್ರತಿಯೊಂದು ಶಬ್ದವೂ ಇತ್ತು. "ಇಷ್ಟ್ ದಿನ ಎಲ್ಲಿಗ್ ಹೋಯಿದ್ರಿ?"

ಆಮೇಲೆ ಅವಳು ಒಂದು ಗಂಟೆ ನಿಲ್ಲಿಸದೆ ಮಾತಾಡಿದಳು. ಬೆನ್ನಿನ ಕೆಳಗೆ ಎಲ್ಲಿ ಉರಿಯುತ್ತದೆ, ಯಾವ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಕಿಟಕಿಯನ್ನು ಯಾಕೆ ಮುಚ್ಚಬಾರದು, ಎಲ್ಲ. ವೆಂಕಟ್ರಮಣರು ಒಂದೊಂದನ್ನೂ ಮಲಯಾಳದಲ್ಲಿ ಹೇಳಿದರು, ದೀಪ್ತಿ ಬರೆದುಕೊಂಡಳು. ವಿಜಯಾ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದಳು. ನಲವತ್ತೈದರ ಹೆಂಗಸು, ಸೀಗಡಿ ಸುಲಿಯುವ ಶೆಡ್ಡಿನ ಕೆಲಸಕ್ಕೆ ಹೋಗುವವಳು, ಬೆರಳ ತುದಿಗಳೆಲ್ಲ ಬಿರುಕು ಬಿಟ್ಟಿದ್ದವು. ಎಲ್ಲರ ಮಾತು ಮುಗಿದ ಮೇಲೆ, ತನಗೂ ಒಂದು ಕೇಳಲಿಕ್ಕಿದೆ ಎಂದಳು. ದಿನಾ ಸಂಜೆ ತಾನು ಶೆಡ್ಡಿನಿಂದ ಬಂದು ಪಾತ್ರೆಗೆ ಕೈ ಹಾಕಿದ ಕೂಡಲೇ ಅಮ್ಮ ಗಂಟಲು ಹರಿಯುವ ಹಾಗೆ 'ಕೂಕೊ, ಕೂಕೊ' ಎಂದು ಕೂಗುತ್ತಾಳೆ. ಮಲಯಾಳದಲ್ಲಿ ಕೂಕ್ಕು ಎಂದರೆ ಊಳಿಡುವುದು. ಊಳಿಡುತ್ತಾಳೆ ಎಂದುಕೊಂಡು ತಾನು ಹೆದರಿ ಇನ್ನೂ ಬೇಗ ಬೇಗ ಕೆಲಸ ಮಾಡುತ್ತೇನೆ. ಮಾಡಿದಷ್ಟೂ ಅವಳ ಸಿಟ್ಟು ಏರುತ್ತದೆ. ಏನು ತಪ್ಪು ಮಾಡಿದೆನೋ ತಿಳಿಯುವುದಿಲ್ಲ.

ವೆಂಕಟ್ರಮಣರು ಚಂದ್ರಮ್ಮನ ಕಡೆ ತಿರುಗಿ ಕೇಳಿದರು. ಅವಳು ಮಗಳನ್ನು ನೋಡುತ್ತ ಹೇಳಿದಳು:

"ಕೂಕೊ ಅಂದೆ. ಕೂಕೊ ಮಗ, ಸಾಕ್ ಮಾಡ್. ಬೆಳಗಾತ ಹೋದವ್ಳ್ ಈಗ ಬಂದದ್ದ್. ಎಷ್ಟ್ ಅಂದ್ ಕೆಲ್ಸ ಮಾಡ್ತ್ಯ."

ಮೂವತ್ತೊಂದು ವರ್ಷ ಮಲಯಾಳದಿಂದ ಕನ್ನಡಕ್ಕೆ ತಂದವರಿಗೆ ಈ ನಾಲ್ಕು ಮಾತನ್ನು ಕನ್ನಡದಿಂದ ಮಲಯಾಳಕ್ಕೆ ತರಲು ಸ್ವಲ್ಪ ಹೊತ್ತು ಹಿಡಿಯಿತು. ಕುಳಿತುಕೋ ಎನ್ನುತ್ತಿದ್ದಾಳೆ, ದಣಿದಿದ್ದೀ, ಸಾಕು, ಕುಳಿತುಕೋ ಎಂದು ಹೇಳಿದರು. ವಿಜಯಾ ಮಂಚದ ಪಕ್ಕ ನೆಲದ ಮೇಲೆ ಕೂತಳು. ತಾಯಿಯ ಒಳ್ಳೆಯ ಕೈ ಅವಳ ತಲೆಯ ಮೇಲೆ ಬಂತು. ಆ ಮನೆಯಲ್ಲಿ ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಆ ಸಂಜೆ ಯಾರೂ ಕೂಗಲಿಲ್ಲ ಎಂದು ದೀಪ್ತಿ ಮರುದಿನ ಫೋನು ಮಾಡಿ ತಿಳಿಸಿದಳು.

ವೆಂಕಟ್ರಮಣರ ಮೊಣಕಾಲು ಆ ದಿನ ತೆಂಗಿನಕಾಯಿಯಷ್ಟು ಊದಿತು. ಮರಳಿನಲ್ಲಿ ನಡೆಯುವುದನ್ನು ಮರೆತುಬಿಡಿ ಎಂದರು ಡಾಕ್ಟರು. ಹಾಗಾದರೆ ಫೋನಿನಲ್ಲೇ ಮಾತಾಡೋಣ ಎಂದು ನೋಡಿದ್ದಾಯಿತು. ಚಂದ್ರಮ್ಮನಿಗೆ ಮುಖ ಕಾಣಿಸದ ದನಿಯ ಮೇಲೆ ನಂಬಿಕೆಯಿಲ್ಲ. ಫೋನು ಹತ್ತಿರ ತಂದರೆ ಬಾಯಿ ಬಿಗಿಯಾಗಿ ಮುಚ್ಚುತ್ತಿದ್ದಳು. ವೆಂಕಟ್ರಮಣರು ಎರಡು ವಾರ ಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತರು. ಪತ್ರಿಕೆಯ ಒಂದೇ ಪುಟ ಗಂಟೆಗಟ್ಟಲೆ ಅವರ ಕೈಯಲ್ಲಿರುವುದನ್ನು ಶಂಕರಿ ನೋಡಿದರು. ಆಮೇಲೆ ಯಾರನ್ನೂ ಕೇಳದೆ ತಮ್ಮನಿಗೆ ಫೋನು ಮಾಡಿದರು.

ತಮ್ಮ ರಂಜನ್ ಕೊಚ್ಚಿಯ ಅಂಬಲಮುಗಳಿನ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಎಂಜಿನಿಯರು, ಮನೆ ತ್ರಿಪ್ಪುಣಿತ್ತುರದಲ್ಲಿ. ಗೆಳೆಯರ ಜೊತೆ ಮಳೆಗಾಲದಲ್ಲಿ ಗುಡ್ಡ ಹತ್ತಲೆಂದು ಹಳೆಯದೊಂದು ಜೀಪು ಇಟ್ಟಿದ್ದ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಎಳೆತ ಇರುವ ಜೀಪು. ಮಗು ಹುಟ್ಟಿದ ಮೇಲೆ ಗುಡ್ಡವೂ ಇಲ್ಲ, ಗೆಳೆಯರೂ ಇಲ್ಲ. ಜೀಪು ಟಾರ್ಪಾಲಿನ ಅಡಿಯಲ್ಲಿ ಮಲಗಿತ್ತು. ಅಕ್ಕ ಕೇಳಿದ್ದೇ ಅವನಿಗೆ ಸಂತೋಷವಾಗಿ, ಮುಂದಿನ ಭಾನುವಾರವೇ ಓಡಿಸಿಕೊಂಡು ಕರಮನಕ್ಕೆ ಬಂದ. ಅದರ ಟಯರುಗಳಿಗೆ ಹೆಬ್ಬೆರಳಿನಷ್ಟು ದಪ್ಪದ ಹಲ್ಲುಗಳಿದ್ದವು.

"ಭಾವ, ಇದು ಕೆಸರಿನಲ್ಲಿ ಆನೆಯ ಹಾಗೆ ಹೋಗ್ತದೆ. ಮರಳು ಎಂತ ಲೆಕ್ಕ," ಎಂದ.

ಕಡಲಬದಿಯಲ್ಲಿ ಗಾಡಿ ಓಡಿಸಬಾರದೆಂಬ ಆದೇಶವನ್ನು ಸ್ವತಃ ಕನ್ನಡಕ್ಕೆ ತಂದವರು ವೆಂಕಟ್ರಮಣರು. ಅದರಿಂದ ಮೊದಲು ಪಂಚಾಯತಿಗೆ ಹೋಗಿ, ಇದು ತೀರವಲ್ಲ, ಮನೆಗಳಿಗೆ ಹೋಗುವ ದಾರಿ ಎಂದು ಖಚಿತಪಡಿಸಿಕೊಂಡು, ಅದನ್ನು ಬರೆಸಿಕೊಂಡೂ ಬಂದರು. ಆಮೇಲೆ ರಂಜನನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೀಪನ್ನು ಮರಳಿಗೆ ಇಳಿಸಿದರು. ಅರವತ್ತು ಗಜ ಹೋಗಿರಬೇಕು. ಚಕ್ರ ನಿಂತಲ್ಲೇ ತಿರುಗಿತು. ರಂಜನ್, ಒತ್ತಿ ಭಾವ, ಇನ್ನೂ ಒತ್ತಿ ಎಂದ. ಒತ್ತಿದಷ್ಟೂ ಆ ದಪ್ಪ ಹಲ್ಲುಗಳು ಗುದ್ದಲಿಯ ಹಾಗೆ ಮರಳನ್ನು ಅಗೆದು ಹಿಂದಕ್ಕೆ ಎಸೆದವು. ಎರಡು ನಿಮಿಷದಲ್ಲಿ ಜೀಪಿನ ಹೊಟ್ಟೆ ನೆಲಕ್ಕೆ ತಾಗಿತು. ದೂರದಲ್ಲಿ ಬಲೆ ಎಳೆಯುತ್ತಿದ್ದ ಹದಿನಾಲ್ಕು ಜನ ಬಲೆಯನ್ನು ಬಿಟ್ಟು ಬಂದು, ಬಲೆಗೆ ಹಾಡುವ ಹಾಡನ್ನೇ ಹಾಡುತ್ತ, ಹಗ್ಗ ಕಟ್ಟಿ ಜೀಪನ್ನು ಟಾರಿಗೆ ಎಳೆದು ಹಾಕಿದರು.

ಇದಕ್ಕಿಂತ ದೊಡ್ಡ ಹಲ್ಲಿನದ್ದು ಬೇಕು, ತ್ರಿಪ್ಪುಣಿತ್ತುರದಲ್ಲಿ ತನಗೆ ಗುರುತಿನ ಅಂಗಡಿಯಿದೆ ಎಂದು ರಂಜನ್ ಹಟ ಹಿಡಿದ. ಹಾಗೆ ಡಿಸೆಂಬರಿನ ಮೊದಲ ವಾರ ವೆಂಕಟ್ರಮಣರೂ ಶಂಕರಿಯೂ ಜೀಪಿನಲ್ಲಿ ಕೊಚ್ಚಿಗೆ ಹೋದರು. ಆರು ಗಂಟೆಯ ದಾರಿ. ಆ ಟಯರಿನ ಗುಂಯ್‌ಗುಡುವ ಸದ್ದಿಗೆ ಗಂಡಹೆಂಡಿರು ದಾರಿಯುದ್ದಕ್ಕೂ ಒಂದು ಮಾತೂ ಆಡಲಾಗಲಿಲ್ಲ.

ಅಂಗಡಿ ಮೆಟ್ರೋ ಸ್ಟೇಷನ್ನಿನಿಂದ ಸ್ವಲ್ಪ ಆಚೆ. ನಡೆಸುವವಳು ವಿನೋದಾ ಎಂಬ ಕೊಂಕಣಿ ಹೆಂಗಸು. ಐವತ್ತರ ಆಸುಪಾಸು, ಚೂಡಿದಾರದ ಮೇಲೆ ಗಂಡಸರ ಖಾಕಿ ಅಂಗಿ ತೊಟ್ಟಿದ್ದಳು. ತಂದೆಯ ಕಾಲದಿಂದ ನಡೆದುಬಂದ ಅಂಗಡಿ. ಹದಿನಾರನೆಯ ವಯಸ್ಸಿನಿಂದ ಟಯರು ಬಿಚ್ಚುತ್ತಿದ್ದೇನೆ ಎಂದಳು. ರಂಜನ್ ತನಗೆ ಬೇಕಾದ ಟಯರನ್ನು ಆಗಲೇ ತೋರಿಸಿಯಾಗಿತ್ತು; ಹಲ್ಲುಗಳ ನಡುವೆ ಕೈ ಮುಷ್ಟಿ ತೂರಿಸಬಹುದಾದಂಥದ್ದು. ವಿನೋದಾ ಅದನ್ನು ನೋಡಲೇ ಇಲ್ಲ. ಗಾಡಿ ಎಲ್ಲಿ ಓಡಿಸುತ್ತೀರಿ, ಯಾರನ್ನು ಕೂರಿಸುತ್ತೀರಿ ಎಂದು ವೆಂಕಟ್ರಮಣರನ್ನು ಕೇಳಿದಳು. ಅವರು ಹೇಳಲು ಹೊರಟಾಗ ಶಂಕರಿ ನಡುವೆ ಬಂದರು. ಗಂಡ ಹೇಳಿದರೆ ಮೊಣಕಾಲಿನ ವಿಷಯ ಬಿಟ್ಟುಬಿಡುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಚಂದ್ರಮ್ಮನ ಕತೆಯನ್ನು ಮೊದಲಿನಿಂದ ಹೇಳಿ, ಮುಂದೊಂದು ದಿನ ಅವಳನ್ನೂ ಮಲಗಿಸಿಕೊಂಡು ಬರಬೇಕಾಗಬಹುದು ಎಂದೂ ಸೇರಿಸಿದರು. ಆ ಮಾತು ವೆಂಕಟ್ರಮಣರಿಗೇ ಹೊಳೆದಿರಲಿಲ್ಲ.

ಅಂಗಡಿಯ ಮೂಲೆಯಲ್ಲಿ ಬೆಂಕಿ ಆರಿಸಲೆಂದು ಇಟ್ಟ ಕೆಂಪು ಬಕೆಟ್ಟಿನ ತುಂಬ ಮರಳಿತ್ತು. ವಿನೋದಾ ಅದನ್ನು ಎಳೆದು ತಂದಳು. ವೆಂಕಟ್ರಮಣರ ಕೈಯನ್ನು ಮಗುವಿನ ಕೈಯಂತೆ ಹಿಡಿದು, ಮೊದಲು ಬೆರಳ ತುದಿಗಳನ್ನು ಒತ್ತಿಸಿದಳು. ಬೆರಳು ಸರಕ್ಕನೆ ಒಳಗಿಳಿಯಿತು. ಮರಳನ್ನು ಮಟ್ಟ ಮಾಡಿ, ಈಗ ಅಂಗೈ ಇಡಿ, ಅಷ್ಟೇ ಭಾರ ಹಾಕಿ ಎಂದಳು. ಅಂಗೈ ಮೇಲೆಯೇ ನಿಂತಿತು.

"ಕೆಸರಿಗೆ ಹಲ್ಲು ಬೇಕು ಸಾರ್, ಕೆಳಗೆ ಗಟ್ಟಿ ನೆಲ ಇರ್ತದೆ, ಅದನ್ನು ಕಚ್ಚಬೇಕು," ಎಂದಳು ವಿನೋದಾ ಮಲಯಾಳದಲ್ಲಿ. "ಮರಳಿನ ಕೆಳಗೂ ಮರಳೇ. ಅಲ್ಲಿ ಕಚ್ಚಲು ಹೋದವನು ಮುಳುಗುತ್ತಾನೆ. ಮೇಲೆ ಮೇಲೆ ತೇಲಿಕೊಂಡು ಹೋಗಬೇಕು."

ಆಮೇಲೆ ಅವಳೇ ಆರಿಸಿದಳು. ಹಲ್ಲು ಸಣ್ಣದು, ಅಂಚು ದುಂಡಗೆ, ಅಗಲ ಮೊದಲಿನದಕ್ಕಿಂತ ಒಂದೂವರೆ ಇಂಚು ಹೆಚ್ಚು. ಒಂದು ಬಗೆಯನ್ನು ಪಕ್ಕೆ ಒತ್ತಿ ನೋಡಿ ಬೇಡವೆಂದಳು: ಪಕ್ಕೆ ಇಷ್ಟು ಗಟ್ಟಿಯಿದ್ದರೆ ಗಾಳಿ ಇಳಿಸಿದರೂ ಟಯರು ಅಗಲವಾಗುವುದಿಲ್ಲ, ಮಲಗಿದ ರೋಗಿಯ ಬೆನ್ನಿಗೆ ಪ್ರತಿ ಕಲ್ಲೂ ತಾಗುತ್ತದೆ. ಇನ್ನೊಂದು ತೀರ ಅಗಲ. ಸ್ಟಿಯರಿಂಗು ಪೂರ್ತಿ ತಿರುಗಿಸಿದರೆ ಮಡ್‌ಗಾರ್ಡಿಗೆ ಉಜ್ಜುತ್ತದೆ. ಮೂರನೆಯದನ್ನು ಒಂದು ಚಕ್ರಕ್ಕೆ ಹಾಕಿ, ವೆಂಕಟ್ರಮಣರಿಗೆ ಸ್ಟಿಯರಿಂಗನ್ನು ಎರಡೂ ಬದಿಗೆ ತಿರುಗಿಸಲು ಹೇಳಿ, ತಾನು ನೆಲದ ಮೇಲೆ ಮಲಗಿ ಟಾರ್ಚು ಬಿಟ್ಟು ನೋಡಿ ಒಪ್ಪಿದಳು. ರಂಜನ್ ಆಗಲೂ ತನ್ನ ಟಯರಿನ ಪಕ್ಕದಲ್ಲಿ ನಿಂತಿದ್ದ. ನಿನ್ನ ಗುಡ್ಡಕ್ಕೆ ನಿನ್ನ ಮಾತು ಸರಿ ಎಂದು ಅಕ್ಕ ಸಮಾಧಾನ ಮಾಡಿದರು.

ಟಯರಿಗಿಂತ ಹೆಚ್ಚಿನದ್ದು ಗಾಳಿ ಎಂದಳು ವಿನೋದಾ. ರಸ್ತೆಯಲ್ಲಿ ಮೂವತ್ತೆರಡು ಪೌಂಡ್ ಇರಲಿ. ಟಾರು ಮುಗಿದಲ್ಲಿ ಇಳಿದು ನಾಲ್ಕೂ ಚಕ್ರದ ಗಾಳಿಯನ್ನು ಹದಿನೈದಕ್ಕೆ ಇಳಿಸಬೇಕು. ಟಯರು ಪಂಕ್ಚರ್ ಆದ ಹಾಗೆ ಕಾಣುತ್ತದೆ, ಹೆದರಬಾರದು. ಮರಳಿನಲ್ಲಿ ಬ್ರೇಕು ಒತ್ತಬಾರದು, ತಾನಾಗಿ ನಿಲ್ಲಲು ಬಿಡಬೇಕು. ಚಕ್ರ ಜಾರಿತೆಂದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಬಂದ ಗುರುತಿನಲ್ಲೇ ಹಿಂದಕ್ಕೆ ಹೋಗಬೇಕು. ಸ್ಟಿಯರಿಂಗನ್ನು ಒಮ್ಮೆಲೇ ತಿರುಗಿಸಬಾರದು, ಕಡಿಮೆ ಗಾಳಿಯ ಟಯರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ವಾಪಸ್ ಟಾರಿಗೆ ಬಂದ ಮೇಲೆ ಗಾಳಿ ತುಂಬಿಸದೆ ಒಂದು ಮೈಲಿ ಕೂಡ ಓಡಿಸಕೂಡದು. ವೆಂಕಟ್ರಮಣರು ಇದನ್ನೆಲ್ಲ ಹಳೆಯ ಅಭ್ಯಾಸದಂತೆ ಚೀಟಿಯಲ್ಲಿ ಅಂಶ ಅಂಶವಾಗಿ ಬರೆದುಕೊಂಡರು, ಕನ್ನಡದಲ್ಲಿ. ಹೊರಡುವಾಗ ವಿನೋದಾ ಬ್ಯಾಟರಿಗೆ ಸಿಕ್ಕಿಸುವ ಚಿಕ್ಕದೊಂದು ಪಂಪನ್ನು ತಂದು ಶಂಕರಿಯ ಕೈಯಲ್ಲಿ ಕೊಟ್ಟು, ಆ ಅಮ್ಮನನ್ನು ನಾನು ವಿಚಾರಿಸಿದೆನೆಂದು ಹೇಳಿ ಎಂದಳು.

ಮುಂದಿನ ಗುರುವಾರ ವೆಂಕಟ್ರಮಣರು ಟಾರಿನ ಕೊನೆಯಲ್ಲಿ ಜೀಪು ನಿಲ್ಲಿಸಿ, ಹಲ್ಲು ಕಚ್ಚಿಕೊಂಡು ಒಂದೊಂದು ಚಕ್ರದ ಬಳಿಯೂ ಕುಕ್ಕರಿಸಿ ಕೂತರು. ಅದನ್ನು ನೋಡಿ ದೀಪ್ತಿ ಅವರನ್ನು ಎಬ್ಬಿಸಿ, ಗಾಳಿ ಇಳಿಸುವುದು ತನ್ನ ಕೆಲಸ ಎಂದಳು. ರಕ್ತದೊತ್ತಡ ನೋಡುವವಳಿಗೆ ಇದೇನು ದೊಡ್ಡದಲ್ಲ ಎಂದೂ ಹೇಳಿದಳು. ಬಲೆಯವರು ಹಗ್ಗ ಹಿಡಿದೇ ನಿಂತು ನೋಡುತ್ತಿದ್ದರು. ಜೀಪು ಮರಳಿಗೆ ಇಳಿಯಿತು. ಎರಡನೆಯ ಗೇರಿನಲ್ಲಿ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ, ತೂಗುತ್ತ ತೂಗುತ್ತ ಮೊದಲ ಸಲ ಹೂತುಹೋದ ಗುಂಡಿ ದಾಟಿತು, ತೆಂಗಿನ ಸಾಲು ದಾಟಿತು, ವಿಜಯಾಳ ಮನೆಯ ಅಂಗಳದಲ್ಲಿ ತಾನಾಗಿ ನಿಂತಿತು. ಹಿಂದೆ ಎರಡು ಅಗಲವಾದ ಗುರುತುಗಳು ಚಾಪೆ ಹಾಸಿದ ಹಾಗೆ ಬಿದ್ದಿದ್ದವು.

ಆಮೇಲೆ ವಾರಕ್ಕೆ ಎರಡು ದಿನ ಹೋದರು. ಮಂಗಳವಾರ ಔಷಧಿಯ ಮಾತು, ಗುರುವಾರ ಬರೀ ಮಾತು. ಚಂದ್ರಮ್ಮ ಅವರನ್ನು ತಮ್ಮ ಎಂದು ಕರೆಯತೊಡಗಿದಳು. ಒಂದು ಗುರುವಾರ ವಿಜಯಾ ಶಾಲೆಯ ನೋಟ್‌ಬುಕ್ಕೊಂದನ್ನು ಹಿಡಿದು ಬಂದು ಮಂಚದ ಕಾಲಬುಡದಲ್ಲಿ ಕೂತಳು. ಅಮ್ಮನ ಭಾಷೆ ತನಗೆ ಯಾಕೆ ಬರಲಿಲ್ಲ ಎಂದರೆ ಅಮ್ಮ ಕಲಿಸಲಿಲ್ಲ, ತಾನೂ ಕೇಳಲಿಲ್ಲ ಎಂದಳು. ಚಿಕ್ಕಂದಿನಲ್ಲಿ ಅಮ್ಮ ಮರೆತು ಆ ಮಾತು ಆಡಿದರೆ ಅಕ್ಕಪಕ್ಕದ ಮಕ್ಕಳು ನಗುತ್ತಿದ್ದರು, ತಾನೂ ನಗುತ್ತಿದ್ದೆ. ಇದನ್ನು ಅಮ್ಮನಿಗೆ ಹೇಳಿ ಎಂದಳು. ವೆಂಕಟ್ರಮಣರು ಹೇಳಿದರು. ಚಂದ್ರಮ್ಮನಿಗೆ ಅದು ನೆನಪೇ ಇರಲಿಲ್ಲ. ನೋವಿಗೆ ನೋವು ಅಂತಾರೆ, ನೀರಿಗೆ ನೀರು ಅಂತಾರೆ, ಬರ್ಕೊಳ್ಳಲಿಕ್ಕೆ ಎಂತ ಉಂಟು ಎಂದು ಕೇಳಿದಳು. ಆದರೂ ವಿಜಯಾ ಮಲಯಾಳದ ಅಕ್ಷರಗಳಲ್ಲಿ ಬರೆದಳು. ಅಬ್ಬಿ ಎಂದರೆ ತಾಯಿ. ಬರ್ಕ್ ಎಂದರೆ ಬರಬೇಕು, ಹೋಯ್ಕ್ ಎಂದರೆ ಹೋಗಬೇಕು, ಹೋಪ ಎಂದರೆ ಹೋಗೋಣ. ಹಸಿವಾತ್ತ್. ವಾರಕ್ಕೆ ಹತ್ತು ಶಬ್ದ.

ಮಾರ್ಚ್ ತಿಂಗಳ ಕೊನೆಯ ಭಾನುವಾರ, ಹನ್ನೊಂದು ಗಂಟೆಯ ಹೊತ್ತಿಗೆ, ವಿಜಯಾ ಫೋನು ಮಾಡಿದಳು. ಮನೆಯೊಳಗೆ ಕಡಲು ಬಂದಿದೆ ಎಂದಷ್ಟೇ ಹೇಳಿದಳು. ಗಾಳಿಯಿಲ್ಲ, ಮಳೆಯಿಲ್ಲ, ಬಿಸಿಲು ಕಾಯುತ್ತಿದೆ. ಇಂಥ ದಿನ ಎಲ್ಲೋ ದೂರದ ಬಿರುಗಾಳಿಗೆ ಎದ್ದ ನೀರು ಸದ್ದಿಲ್ಲದೆ ಏರಿ ಬಂದರೆ ಅಲ್ಲಿಯವರು ಅದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಕಳ್ಳನ ಹಾಗೆ ಬರುವ ಕಡಲು. ವೆಂಕಟ್ರಮಣರು ದೀಪ್ತಿಯನ್ನು ಕೂರಿಸಿಕೊಂಡು ಹೊರಟರು. ಶಂಕರಿ ಮನೆಯಲ್ಲಿದ್ದ ಎರಡು ಹಾಸಿಗೆಗಳನ್ನೂ ಜೀಪಿನ ಹಿಂದೆ ಒಂದರ ಮೇಲೊಂದು ಹಾಸಿ ಕಳಿಸಿದರು.

ಟಾರಿನ ಕೊನೆಯಲ್ಲಿ ಆಂಬುಲೆನ್ಸು ನಿಂತಿತ್ತು. ಮುಂದೆ ಹೋಗಲಾರದೆ ನಿಂತಿತ್ತು. ತೆಂಗಿನ ಸಾಲುಗಳ ನಡುವೆ ಮೊಣಕಾಲಿನ ಕೆಳಗಿನಷ್ಟು ನೀರು ಬಂದು ಬಂದು ಹೋಗುತ್ತಿತ್ತು. ಜನ ತಲೆಯ ಮೇಲೆ ಗಂಟು ಹೊತ್ತು ಬರುತ್ತಿದ್ದರು. ದೀಪ್ತಿ ಕೇಳುವ ಮೊದಲೇ ಕೆಳಗಿಳಿದಳು. ಈ ಸಲ ಹನ್ನೆರಡಕ್ಕೆ ಇಳಿಸು ಎಂದರು ವೆಂಕಟ್ರಮಣರು. ನಾಲ್ಕು ಚಕ್ರಕ್ಕೆ ಆರು ನಿಮಿಷ ಹಿಡಿಯಿತು. ಆರು ನಿಮಿಷವೂ ಅವರು ಸ್ಟಿಯರಿಂಗನ್ನು ಬಿಡಲಿಲ್ಲ. ಆಮೇಲೆ ಜೀಪನ್ನು ನೀರಿಗೆ ಇಳಿಸಿದರು. ನೀರು ಹಿಂದೆ ಸರಿದಾಗ ದಾರಿ ಕಾಣುತ್ತಿತ್ತು, ಮುಂದೆ ಬಂದಾಗ ಮಾಯವಾಗುತ್ತಿತ್ತು. ಚಕ್ರದ ಕೆಳಗೆ ಮರಳು ಹರಿದು ಹೋಗುತ್ತಿರುವುದು ಅವರಿಗೆ ಕೂತಲ್ಲಿಗೆ ತಿಳಿಯುತ್ತಿತ್ತು. ನಿಂತರೆ ಮುಗಿಯಿತು. ನಿಲ್ಲಿಸಲಿಲ್ಲ, ಅವಸರವನ್ನೂ ಮಾಡಲಿಲ್ಲ. ಒಂದು ಕಡೆ ಹಿಂದಿನ ಚಕ್ರ ಜಾರಿತು. ಕಾಲು ತೆಗೆದು, ಬಂದ ಗುರುತಿನಲ್ಲೇ ಎರಡು ಮಾರು ಹಿಂದಕ್ಕೆ ಬಂದು, ಮತ್ತೆ ಹೊರಟರು. ದೀಪ್ತಿ ಆ ಹೊತ್ತು ಕಣ್ಣು ಮುಚ್ಚಿಕೊಂಡಿದ್ದಳು.

ಮನೆಯೊಳಗೆ ಮಂಚದ ಅರ್ಧ ಕಾಲು ನೀರಿನಲ್ಲಿತ್ತು. ಅಗ್ನಿಶಾಮಕದ ಮೂವರು ಗಂಡಸರು ನಡೆದೇ ಬಂದು ತಲುಪಿದ್ದರು, ಆದರೆ ಚಂದ್ರಮ್ಮ ಅವರನ್ನು ಮುಟ್ಟಗೊಡುತ್ತಿರಲಿಲ್ಲ. ಕಿತ್ತಳೆ ಬಣ್ಣದ ಅಂಗಿ ತೊಟ್ಟ ಅಪರಿಚಿತರು, ತಿಳಿಯದ ಭಾಷೆ, ಕೆಳಗೆ ನೀರು. ಒಳ್ಳೆಯ ಕೈಯಿಂದ ಕಿಟಕಿಯ ಸರಳನ್ನು ಹಿಡಿದು ಕಿರುಚುತ್ತಿದ್ದಳು. ವೆಂಕಟ್ರಮಣರು ಬಾಗಿಲಲ್ಲಿ ನಿಂತು, ಅಕ್ಕ ಎಂದು ಕರೆಯಲು ಬಾಯಿ ತೆರೆದರು. ಅಷ್ಟರಲ್ಲಿ ವಿಜಯಾ ನೀರಿನಲ್ಲಿ ಮೊಣಕಾಲೂರಿ, ತಾಯಿಯ ಮುಖವನ್ನು ಎರಡೂ ಕೈಯಲ್ಲಿ ತನ್ನ ಕಡೆ ತಿರುಗಿಸಿಕೊಂಡಳು.

"ಅಬ್ಬಿ," ಎಂದಳು. "ನಾನ್ ಇದ್ದೆ. ಹೆದ್ರಬೇಡ. ಹೋಪ."

ಉಚ್ಚಾರ ಪೂರ್ತಿ ಮಲಯಾಳದ್ದು. ವೆಂಕಟ್ರಮಣರು ತೆರೆದ ಬಾಯನ್ನು ಮುಚ್ಚಿಕೊಂಡರು. ಚಂದ್ರಮ್ಮ ಕಿರುಚುವುದನ್ನು ನಿಲ್ಲಿಸಿ ಮಗಳನ್ನೇ ನೋಡಿದಳು. ಆಮೇಲೆ ಬೆರಳುಗಳು ಒಂದೊಂದಾಗಿ ಸರಳನ್ನು ಬಿಟ್ಟವು.

ವಾಪಸ್ ಬರುವಾಗ ಅವಳು ಹಾಸಿಗೆಗಳ ಮೇಲೆ, ವಿಜಯಾಳ ತೊಡೆಯಲ್ಲಿ ತಲೆಯಿಟ್ಟು ಮಲಗಿದ್ದಳು. ಮೆತ್ತಗಾದ ಟಯರುಗಳ ಮೇಲೆ ಜೀಪು ನೀರಿನಲ್ಲಿ ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ಸ್ವಲ್ಪ ದೂರ ಬಂದ ಮೇಲೆ ಅವಳು, ತಮ್ಮ, ಇದ್ ಎಂತ ದೋಣಿಯಾ ಎಂದು ಕೇಳಿದಳು. ಅಲ್ಲ ಅಕ್ಕ, ಜೀಪು ಎಂದರು ವೆಂಕಟ್ರಮಣರು, ತಿರುಗದೆ. ಹಂಗಾರೂ ಲಾಯ್ಕ್ ಬಿಡ್ತ್ರಿ ಎಂದಳು.

ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು, ತೊಂದರೆಯೇನಿಲ್ಲ ಎಂದು ಕಳಿಸಿದರು. ವಿಜಯಾಳ ಮನೆಯೊಳಗೆ ಮೊಳದೆತ್ತರ ಮರಳು ತುಂಬಿತ್ತು. ಅದನ್ನು ತೆಗೆಸುವವರೆಗೆ ಹನ್ನೊಂದು ದಿನ ತಾಯಿಮಗಳು ಕರಮನದ ಮನೆಯಲ್ಲೇ ಇದ್ದರು. ಎರಡನೆಯ ದಿನಕ್ಕೇ ತೊಡಕೊಂದು ಬಂತು. ಚಂದ್ರಮ್ಮ ಸಾರನ್ನ ಉಣ್ಣಲೊಲ್ಲಳು. ಬಾಯಿಗಿಟ್ಟರೆ ತುಟಿ ಬಿಗಿಯುತ್ತಾಳೆ. ಏನು ಬೇಕು ಅಕ್ಕ ಎಂದು ಶಂಕರಿ ಪಕ್ಕದಲ್ಲಿ ಕೂತು ಕೇಳಿದರು. ಬಂಗ್ಡೆ ಎಂದಳು. ಆ ಮನೆಯೊಳಗೆ ಅಂದಿನವರೆಗೆ ಮೀನು ಬಂದದ್ದಿಲ್ಲ. ವಿಜಯಾ ನಾಚಿಕೆಯಿಂದ ಕುಗ್ಗಿಹೋದಳು. ಶಂಕರಿ ಸ್ವಲ್ಪ ಯೋಚಿಸಿ, ಹಿತ್ತಿಲಿನ ಹಲಸಿನ ಮರದ ಕೆಳಗೆ ಮೂರು ಕಲ್ಲು ಹೂಡಿಸಿದರು. ಒಂದು ಹೊಸ ಮಣ್ಣಿನ ಚಟ್ಟಿ ತಂದುಕೊಟ್ಟರು. ಹನ್ನೊಂದು ದಿನವೂ ವಿಜಯಾ ಅಲ್ಲಿ ಮೀನು ಬೇಯಿಸಿದಳು. ಶಂಕರಿ ಮೂಗಿಗೆ ಸೆರಗು ಹಿಡಿದುಕೊಂಡೇ ಪಕ್ಕದಲ್ಲಿ ನಿಂತು, ಹುಣಸೆ ಎಷ್ಟು, ಮೆಣಸು ಎಷ್ಟು ಎಂದು ಕೇಳುತ್ತಿದ್ದರು. ತಟ್ಟೆ ಖಾಲಿಯಾದಾಗ ತೊಳೆಯಲು ಒಯ್ದವರೂ ಅವರೇ.

ಆ ಮಳೆಗಾಲ ಕಳೆಯಿತು. ಓಣಂ ಕಳೆದ ಮೇಲೆ ಒಂದು ಗುರುವಾರ, ಮಾತು ಮುಗಿಸಿ ವೆಂಕಟ್ರಮಣರು ಎದ್ದು, ಹೋಗಿ ಬರ್ತೇನೆ ಅಕ್ಕ ಎಂದರು. ಚಂದ್ರಮ್ಮ ತಲೆಯಾಡಿಸಿದಳು.

"ಪೋಯಿಟ್ಟು ವಾ," ಎಂದಳು.

ಹೋಗಿ ಬಾ. ಮಲಯಾಳದಲ್ಲಿ. ತಾನು ಯಾವ ಭಾಷೆಯಲ್ಲಿ ಹೇಳಿದೆ ಎಂದು ಅವಳಿಗೇ ಗೊತ್ತಾಗಿರಲಿಲ್ಲ. ಅಡುಗೆಮನೆಯಲ್ಲಿ ವಿಜಯಾಳ ಕೈಯ ಸೌಟಿನ ಸದ್ದು ನಿಂತಿತು. ಅವಳು ಬಾಗಿಲಿಗೆ ಬಂದು, ಇನ್ನೊಮ್ಮೆ ಹೇಳುತ್ತಾಳೋ ಎಂದು ಕಾದಳು. ಚಂದ್ರಮ್ಮ ಕಿಟಕಿಯ ಕಡೆ ತಿರುಗಿ ಕಡಲನ್ನು ನೋಡುತ್ತಿದ್ದಳು. ಡಾಕ್ಟರು ಹೇಳಿದ್ದರು, ಮಲಯಾಳದ ಮಾತುಗಳು ಹಾಗೆ ಒಂದೊಂದಾಗಿ ಬರಬಹುದು ಎಂದು. ಮುಂದಿನ ತಿಂಗಳುಗಳಲ್ಲಿ ಬರುತ್ತಲೂ ಹೋದವು, ಒಂದು ದಿನ ಎರಡು, ಒಂದು ದಿನ ಇಲ್ಲ.

ಆ ಗುರುವಾರ ಟಾರಿನ ಬದಿಯಲ್ಲಿ ಪಂಪು ಹಚ್ಚಿ, ಮುಳ್ಳು ಮೂವತ್ತೆರಡಕ್ಕೆ ಏರುವುದನ್ನು ನೋಡುತ್ತ ನಿಂತಾಗ ವೆಂಕಟ್ರಮಣರಿಗೆ ಎದೆ ತುಂಬಿ ಬಂದಿತ್ತು, ಎಲ್ಲೋ ಒಂದು ಕಡೆ ಖಾಲಿಯೂ ಆಗಿತ್ತು. ಎರಡೂ ಒಟ್ಟಿಗೆ ಹೇಗೆ ಆಗುತ್ತದೆ ಎಂದು ಅವರಿಗೆ ತಿಳಿಯಲಿಲ್ಲ. ಮನೆಗೆ ಬಂದು ಶಂಕರಿಗೆ ಹೇಳಿದರು. ಇನ್ನು ನನ್ನ ಕೆಲಸ ಹೆಚ್ಚೇನೂ ಇರ್ಲಿಕ್ಕಿಲ್ಲ ಎಂದರು.

ಶಂಕರಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಕಲ್ಲೊಂದನ್ನು ಹೆಕ್ಕಿ ಹೊರಗೆ ಎಸೆದರು.

"ಔಷಧಿ ಮಾತಿಗೆ ನೀವು ಬೇಡದೆ ಇರಬಹುದು," ಎಂದರು. "ಬರುವ ಗುರುವಾರ ನಾನೂ ಬರ್ತೇನೆ. ಅವರಿಗೆ ಹದಿನೆಂಟು ವರ್ಷ ಇರುವಾಗ ಗಂಗೊಳ್ಳಿಯಲ್ಲಿ ಯಾವುದೋ ದೋಣಿ ಮಗುಚಿದ ಕತೆ ಹೇಳ್ತಿದ್ದರು ಇಲ್ಲಿ ಇದ್ದಾಗ, ಅರ್ಧಕ್ಕೆ ನಿಂತದ್ದು. ಅದು ಪೂರ್ತಿ ಆಗ್ಬೇಕಲ್ವಾ."

ಗುರುವಾರ ಇಬ್ಬರೂ ಹೋದರು. ದೀಪ್ತಿಗೆ ಆ ದಿನ ಬೇರೆ ಕಡೆ ಕೆಲಸವಿತ್ತು. ಟಾರಿನ ಕೊನೆಯಲ್ಲಿ ಶಂಕರಿಯೇ ಸೆರಗು ಸಿಕ್ಕಿಸಿಕೊಂಡು ಇಳಿದು, ಮೊದಲನೆಯ ಚಕ್ರದ ಬಳಿ ಕೂತು, ಎಷ್ಟಕ್ಕೆ ನಿಲ್ಲಿಸಬೇಕು ಎಂದು ಕೇಳಿದರು.